ಹದಿಮೂರು ಮಕ್ಕಳ ಸಾಲಿಯ ವರದಿ

ಬೀದರಿನಲ್ಲಿ ಟೀಚರಾಗಿ ನಿವೃತ್ತಳಾದ ಮೇಲೆ ನಾನು ದುಭಾಷಿಯಾದೆ. ಎರಡು ಭಾಷೆಗಳ ನಡುವೆ ನಿಂತವಳಿಗೆ ನಗೆಪಾಟಲು ತಪ್ಪಿದ್ದಲ್ಲ. ಆದರೆ ನಕ್ಕ ಮೇಲೂ ಎದೆಯಲ್ಲಿ ಏನೋ ಚುಚ್ಚುತ್ತಲೇ ಇರುತ್ತದೆ ಎಂದು ತಿಳಿದದ್ದು, ಹೊರದೇಶದ ಸಂಶೋಧಕಿಯೊಬ್ಬರ ಜೊತೆ ತಿರುಗಿದಾಗ. ಗಡಿಹಳ್ಳಿಗಳ ಮಕ್ಕಳು ಓದಲು ಹೇಗೆ ಕಲಿಯುತ್ತಾರೆ ಎಂಬುದು ಅವರ ಅಧ್ಯಯನ.

೧. ಮನೆಯ ಪುಸ್ತಕ

ಮೊದಲು ಹೋದದ್ದು ಭಾಲ್ಕಿ ಕಡೆಯ ಖಟಕ ಚಿಂಚೋಳಿಗೆ, ಹುಡುಗಿಯೊಬ್ಬಳ ಮನೆಗೆ. ಪ್ರಶ್ನೆಪಟ್ಟಿ ಸಂಶೋಧಕಿಯ ದೇಶದಲ್ಲೇ ತಯಾರಾದದ್ದು.

"ಮನ್ಯಾಗ ಎಷ್ಟು ಪುಸ್ತಕ ಅವರಿ?" ಎಂದು ಕೇಳಿದೆ.

ಕೂಲಿಯಿಂದ ಆಗಷ್ಟೇ ಬಂದಿದ್ದ ತಾಯಿ ಪೆಟ್ಟಿಗೆ ತೆಗೆದು ಮೂರು ತಂದಿಟ್ಟಳು: ರೇಷನ್ ಕಾರ್ಡು, ಪಾಸ್‌ಬುಕ್ಕು, ಹೆರಿಗೆಯ ತಾಯಿ ಕಾರ್ಡು.

ಮಗಳಿಗೆ ಯಾವುದು ಇಷ್ಟ ಎಂದು ಸಂಶೋಧಕಿ ಕೇಳಿಸಿದರು.

ಆಕೆ ತಾಯಿ ಕಾರ್ಡನ್ನು ಸೆರಗಿನಿಂದ ಒರೆಸಿದಳು. "ಇದರಿ. ದಿನಾ ಓದ್ತಾಳ. ತಾ ಹುಟ್ಟಿದಾಗಿನ ತೂಕ ಸುದ್ದಾ ಬಾಯಿಪಾಠ ಅದ."

೨. ವಿಧಾನ

ಔರಾದ್ ತಾಲ್ಲೂಕಿನಲ್ಲಿ, ಚಿಂತಾಕಿ ಆಚೆ, ಒಂದು ಸಾಲಿ. ಹದಿಮೂರು ಮಕ್ಕಳು, ಒಬ್ಬರೇ ಮಾಸ್ತರು. ಕೆಲವರ ಮನೆಮಾತು ಮರಾಠಿ, ಕೆಲವರದು ತೆಲುಗು. ಮಾಸ್ತರು ಅವರವರ ಮಾತಿನಲ್ಲೇ ಕತೆ ಹೇಳಿ, ಕೊನೆಗೆ ಅದನ್ನೇ ಕನ್ನಡದಲ್ಲಿ ಓದಿಸುತ್ತಿದ್ದರು. ಹದಿಮೂರೂ ಮಕ್ಕಳು ನೀರು ಕುಡಿದಂತೆ ಓದಿದವು. ಸಂಶೋಧಕಿಯ ಕಣ್ಣು ತುಂಬಿತು.

"ನಿಮ್ಮ ಹತ್ರ ಯಾವ ಬೋಧನಾ ವಿಧಾನ ಅದ ಅಂತ ಕೇಳ್ಲಿಕತ್ತಾರ್ರಿ," ಎಂದೆ.

ಮಾಸ್ತರು ಗಾಬರಿಯಾದರು. "ಇಲ್ರಿ ಟೀಚರ್. ಬೇಕು ಅಂತ ಬರದು ಕಳಿಸೇನಿ. ಆಫೀಸಿಂದ ಇನ್ನಾ ಬಂದಿಲ್ರಿ."

೩. ಅರ್ಧ ವಾಕ್ಯ

ಇಂಥ ಚಿಕ್ಕ ಶಾಲೆಗಳನ್ನು ಉಳಿಸಿಕೊಳ್ಳಿ ಎಂದು ಸಂಶೋಧಕಿ ದಪ್ಪ ವರದಿ ಬರೆದರು. ಶಿಕ್ಷಣ ಇಲಾಖೆಯ ಕಚೇರಿಯವರು ಒಂದು ಪುಟದ ಸಾರಾಂಶ ಸಾಕೆಂದರು. ಕನ್ನಡಕ್ಕೆ ಇಳಿಸಿದವಳು ನಾನೇ: "ಈ ಶಾಲೆಯಲ್ಲಿ ಮಕ್ಕಳು ಕಡಿಮೆ, ಆದ್ದರಿಂದ ಪ್ರತಿ ಮಗುವಿಗೂ ಗಮನ ಸಿಗುತ್ತದೆ." ಅಲ್ಲಿ ಯಾರೋ ಮೊದಲ ನಾಲ್ಕು ಮಾತಿನ ಕೆಳಗೆ ಕೆಂಪು ಗೆರೆ ಎಳೆದರು. ಜೂನಿನಲ್ಲಿ ಆ ಸಾಲಿ ದೂರದ ದೊಡ್ಡ ಸಾಲಿಯಲ್ಲಿ ವಿಲೀನವಾಯಿತು. ಮಾಸ್ತರನ್ನು ಬೀದರಿಗೆ ಕರೆಸಿದರು, ಚಿಕ್ಕ ಶಾಲೆ ನಡೆಸುವುದು ಹೇಗೆಂದು ಉಳಿದ ಮಾಸ್ತರರಿಗೆ ತರಬೇತಿ ಕೊಡಲು!

ಆ ವಾಕ್ಯವನ್ನು ಹಿಂದುಮುಂದಾಗಿ ಬರೆದಿದ್ದರೆ ಸಾಲಿ ಉಳಿಯುತ್ತಿತ್ತೇನೋ ಎಂದು ನನಗೆ ವಾರಗಟ್ಟಲೆ ಊಟ ಸೇರಲಿಲ್ಲ. ಕಡೆಗೆ ಮಾಸ್ತರ ಮುಂದೆ ಅತ್ತೇಬಿಟ್ಟೆ.

"ನಿಮ್ದೇನು ತಪ್ಪಿಲ್ಲ ಬಿಡ್ರಿ," ಎಂದರು ಅವರು. "ನೀವು ಪೂರಾ ಬರದೀರಿ, ಅವರು ಅರ್ಧಾ ಓದ್ಯಾರ. ಏನ್ ಮಾಡೂದು, ಅವರು ನಮ್ಮ ಸಾಲ್ಯಾಗ ಕಲ್ತವರಲ್ಲ."

೪. ಹಾಜರಿ

ಮರುವರ್ಷ ಅದೇ ವರದಿ ಓದಿ ಹೊರದೇಶದ ತಜ್ಞರ ತಂಡವೊಂದು ಆ ಸಾಲಿ ನೋಡಲು ಬಂತು.

"ಅದು ಮುಚ್ಯದಲ್ರಿ," ಎಂದೆ ಕಚೇರಿಯಲ್ಲಿ.

"ಕಾರ್ಯಕ್ರಮ ಪಟ್ಟಿ ಅಚ್ಚಾಗ್ಯದ ಮೇಡಂ, ಹೋಗಿ ಬರ್ರಿ," ಎಂದರು.

ಹೋದೆವು. ಬಾಗಿಲಿಗೆ ಬೀಗ, ವರಾಂಡದ ತುಂಬ ಕುರಿ. ಹಿಂದೆ ಅಲ್ಲಿ ಬಿಸಿಯೂಟ ಮಾಡುತ್ತಿದ್ದ ಮುದುಕಿ ಅವುಗಳ ನಡುವೆ ಕೂತಿದ್ದಳು. ಮಕ್ಕಳೆಲ್ಲಿ ಎಂದು ತಜ್ಞರು ಕೇಳಿದರು.

"ಐದು ಮಂದಿ ದೊಡ್ಡ ಸಾಲಿಗಿ ನಡಕೋತ ಹೋಗ್ತಾರ್ರಿ. ಉಳದವರು ಬಿಟ್ಟಾರ," ಎಂದಳು.

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮುದುಕಿ ನನ್ನನ್ನು ಬಿಟ್ಟು, ಜೊತೆಗೆ ಬಂದಿದ್ದ ಅಧಿಕಾರಿಯ ಕಡೆ ತಿರುಗಿದಳು.

"ಸಾಹೇಬ್ರ, ಮಕ್ಕಳು ಕಮ್ಮಿ ಅಂತ ಮುಚ್ಚಿದ್ರಿ. ಈಗ ನಲವತ್ತು ಬರ್ತಾವ, ಒಂದು ದಿನಾನೂ ತಪ್ಪಸಂಗಿಲ್ಲ. ಬಾಗಿಲಾ ತೆರೀತೀರೇನ್ರಿ?"