ಗುಬ್ಬಚ್ಚಿ ದಂಪತಿಯ ವರ್ಗಾವಣೆ

ನಗರದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಸೊನ್ನೆಗೆ ಇಳಿದಿರುವುದನ್ನು ಗುಬ್ಬಚ್ಚಿ ಸಂರಕ್ಷಣಾ ಕಚೇರಿಯು ತನ್ನ ವಾರ್ಷಿಕ ವರದಿಯಲ್ಲಿ ದೃಢಪಡಿಸಿತ್ತು. ಊರೆಲ್ಲ ನೇತುಹಾಕಿದ್ದ ನಾಲ್ಕು ಸಾವಿರ ಮರದ ಗೂಡುಗಳಿಗೆ, ಬೆಕ್ಕು ನುಗ್ಗಬಾರದೆಂಬ ಮುಂಜಾಗ್ರತೆಯಿಂದ, ತೂತೇ ಇಟ್ಟಿರಲಿಲ್ಲ. ಒಂದು ಬೆಕ್ಕೂ ನುಗ್ಗಿರಲಿಲ್ಲ. ಮೇಲಿನವರ ಮೆಚ್ಚುಗೆ ಪತ್ರವೂ ಬಂದಿತ್ತು.

ಇಂಥ ಸುಸಮಯದಲ್ಲಿ ರವಾನೆ ಗುಮಾಸ್ತನ ಬಾಗಿಲು ಕಿತ್ತ ಬೀರುವಿನೊಳಗೆ ಗುಬ್ಬಚ್ಚಿ ಜೋಡಿಯೊಂದು ಒಣಹುಲ್ಲು, ಪೊರಕೆಕಡ್ಡಿ, ಕಡತದ ದಾರ ತಂದು ಗೂಡು ಕಟ್ಟಿತು. ಕಟ್ಟಿದ್ದೆಲ್ಲಿ? ಗುಮಾಸ್ತನ ವರ್ಗಾವಣೆ ಕಡತದ ಮೇಲೆ! ಹೆಂಡತಿ ಒಂದೂರು, ತಾನೊಂದೂರು ಅಂತ ಒಂಬತ್ತು ವರ್ಷ ಸವೆಸಿ, ಸಾಹೇಬರ ಮೇಜು ಸುತ್ತಿ ಸುತ್ತಿ ಚಪ್ಪಲಿ ತೇಯಿಸಿ ಗಿಟ್ಟಿಸಿದ ಆದೇಶ ಅದು. ಸಹಿ ಬಿದ್ದಿತ್ತು. ಕಡತ ಯಾರ ವಶದಲ್ಲಿದೆಯೋ ಅವರ ಹೆಸರನ್ನು ರವಾನೆ ವಹಿಯಲ್ಲಿ ಬರೆಯುವುದಷ್ಟೇ ಬಾಕಿ. ಮೊದಲು ಸಹಿ, ಆಮೇಲೆ ಹೆಸರು. ಅದು ಆ ಕಚೇರಿಯ ಪದ್ಧತಿ.

"ಸಾರ್, ಕಡತ ಮೆಲ್ಲಗೆ ಎಳ್ಕೊಳ್ಲಾ?"

"ಮೊಟ್ಟೆ ಇಟ್ಟಿದೆಯಲ್ರೀ. ಮರಿ ಹಾರೋವರೆಗೂ ಗೂಡು ಮುಟ್ಟೋ ಹಾಗಿಲ್ಲ. ನಿಯಮ ಹದಿನಾಲ್ಕು. ಸುತ್ತೋಲೆ ಕಳಿಸಿದ್ದು ನೀವೇ."

ಗುಮಾಸ್ತ ತಿಂಗಳು ಕಾದ. ಮರಿ ಹಾರಿದವು. ಅವನು ಸ್ಟೂಲು ಹುಡುಕಿ ತರುವಷ್ಟರಲ್ಲಿ ಎರಡನೇ ಸಲ ಮೊಟ್ಟೆ ಇಟ್ಟಾಗಿತ್ತು. ಹೆಂಡತಿಗೆ ಫೋನು ಮಾಡಿದ.

"ಮತ್ತೆ ಕಾವಿಗೆ ಕೂತಿದೆ ಕಣೇ."

"ಯಾರು, ನೀವಾ?"

ಅಷ್ಟರಲ್ಲಿ ಸೊನ್ನೆಯನ್ನು ಖುದ್ದು ಎಣಿಸಲು ತನಿಖಾ ತಂಡ ಬರುತ್ತದೆಂದು ಪತ್ರ ಬಂತು. ಸಾಹೇಬರು ಬೀರುವಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು.

"ಓಡಿಸೋಣ್ವಾ ಸಾರ್?"

"ಮುಟ್ಟಬಾರದು ಅಂದ್ನಲ್ಲ. ಆದರೆ ವರ್ಗ ಮಾಡಬಾರದು ಅಂತ ಎಲ್ಲಾದ್ರೂ ಇದೆಯಾ?"

ಗುಮಾಸ್ತ ನಿಯಮಾವಳಿ ತಿರುವಿದ. ಎಲ್ಲೂ ಇರಲಿಲ್ಲ.

"ಆದೇಶ ನಂದು ಸಾರ್."

"ಕಡತ ಯಾರ ವಶದಲ್ಲಿದೆ, ನೀವೇ ನೋಡಿ ಹೇಳಿ."

ಗುಮಾಸ್ತ ನೋಡಿದ. ಹೆಣ್ಣು ಗುಬ್ಬಚ್ಚಿ ಕಡತದ ಮೇಲೆ ಕದಲದೆ ಕೂತಿತ್ತು. ಪದ್ಧತಿ ಪದ್ಧತಿಯೇ. ಕಚೇರಿಯಲ್ಲೇ ಸಾಟಿಯಿಲ್ಲದ ತನ್ನ ದುಂಡು ಅಕ್ಷರದಲ್ಲಿ ಅವನೇ ವಹಿಯಲ್ಲಿ ಬರೆದ: 'ಗುಬ್ಬಚ್ಚಿ, ದಂಪತಿ ಸಮೇತ.'

ಬೀರುವನ್ನು ಇದ್ದ ಹಾಗೇ ಲಾರಿಗೇರಿಸಿ, ಆದೇಶದಲ್ಲಿದ್ದ, ಗುಮಾಸ್ತನ ಹೆಂಡತಿಯ ಮನೆ ವಿಳಾಸಕ್ಕೆ ಇಳಿಸಲಾಯಿತು. ತನಿಖಾ ತಂಡ ಮೂರು ದಿನ ಎಣಿಸಿ, ಸೊನ್ನೆ ಸರಿಯಾಗಿದೆ ಎಂದು ಸಹಿ ಹಾಕಿತು.

ವಾರ ಬಿಟ್ಟು ಹೆಂಡತಿಯೇ ಫೋನು ಮಾಡಿದಳು.

"ನಿಮ್ಮ ಬದಲಿಗೆ ಬಂದೋರು ಬಂದು ಸೇರಿದ್ರು ಕಣ್ರೀ."

"ಹೇಗಿದ್ದಾರೆ?"

"ಗಂಡು ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತೆ. ಹುಳ ತಂದು ಮರಿಗಳಿಗೆ ಉಣ್ಸುತ್ತೆ. ಒಂದು ದಿನ ತಪ್ಪಿಲ್ಲ. ನೀವು ನಿಧಾನಕ್ಕೆ ಬನ್ನಿ, ಅವಸರ ಇಲ್ಲ."

ಗುಮಾಸ್ತ ಈ ಹೇಳಿಕೆಯನ್ನು ಕುಟುಂಬದವರ ನಿರಾಕ್ಷೇಪಣೆ ಎಂದು ವಹಿಯಲ್ಲಿ ದಾಖಲಿಸಿ, ಮೊಹರು ಒತ್ತಿದ.