ಸಾಹೇಬರ ಕೆಂಪು ಕಾರಿನ ಕರೆಂಟು

ಗಾಡಿ ಕರೆಂಟಿನ ಕೆಲಸಕ್ಕೆ ಕೂತವನು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಬಾನೆಟ್ ಎತ್ತಿದರೆ ಸಾಕು, ಒಳಗೆ ಯಾರೋ ಏನೋ ಮಾಡಿಟ್ಟಿರುತ್ತಾರೆ. ತೊಂಬತ್ತರ ಆಸುಪಾಸಿನಲ್ಲಿ ಶಿಡ್ಲಘಟ್ಟದಲ್ಲಿ ನನ್ನ ಅಂಗಡಿ ಇತ್ತು. ಡೈನಮೊ, ಸೆಲ್ಫು, ಹಾರ್ನು, ಲೈಟು, ಎಲ್ಲದರ ರಿಪೇರಿ. ಆಗ ರೇಷ್ಮೆ ನೂಲು ತೆಗೆಸೋ ಫ್ಯಾಕ್ಟರಿಯ ಸಾಹೇಬರೊಬ್ಬರು ಬೆಂಗಳೂರಿಂದ ಹಳೇ ವಿಲಾಯ್ತಿ ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟು, ಮೇಲೆ ಮುಚ್ಚಳ ಇಲ್ಲ. ತಂದವರೇ ಮೈತುಂಬ ಕೆಂಪು ಬಣ್ಣ ಹೊಡೆಸಿದರು.

ಅವರ ಮಗನಿಗೆ ಚಿಂತಾಮಣಿಯ ಹುಡುಗಿ ಗೊತ್ತಾಗಿತ್ತು. "ನನ್ನ ಮಗ ಈ ಕಾರಲ್ಲೇ ಬರ್ತಾನೆ" ಅಂತ ಸಾಹೇಬರು ಬೀಗರ ಮುಂದೆ ಹೇಳಿಬಿಟ್ಟಿದ್ದರು. ಹುಡುಗಿಯ ದೊಡ್ಡಪ್ಪ ಗಡ್ಡ ಸವರಿಕೊಂಡು, "ಬರಲಿ ಬರಲಿ. ತಳ್ಳೋಕೆ ಎಷ್ಟು ಜನ ಬರ್ತಾರೋ ಮೊದಲೇ ಹೇಳಿ, ಅಡುಗೆಯವರಿಗೆ ತಿಳಿಸ್ಬೇಕು" ಅಂದರಂತೆ. ಅವತ್ತಿಂದ ಸಾಹೇಬರಿಗೆ ನೆಮ್ಮದಿ ಇಲ್ಲ, ಅವರ ದೆಸೆಯಿಂದ ನನಗೂ ಇಲ್ಲ.

ಬಲಕ್ಕೆ ತಿರುಗಿದರೆ

ಮೊದಲ ದೂರು ಹಾರ್ನಿನದು. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ತಾನೇ ಕೂಗುತ್ತಿತ್ತು, ಎಡಕ್ಕೆ ತಿರುಗಿಸಿದರೆ ಗಪ್‌ಚುಪ್. ಸ್ಟಿಯರಿಂಗಿನ ಕೊಳವೆಯೊಳಗೆ ವೈರು ಸವೆದು ಕಾರಿನ ಕಬ್ಬಿಣದ ಬಾಡಿಗೆ ತಗಲುತ್ತಿತ್ತು, ಅಷ್ಟೇ. ಬಿಚ್ಚಿ, ಸುತ್ತಿ, ಸರಿ ಮಾಡಿಕೊಟ್ಟೆ.

ಮಾರನೇ ದಿನವೇ ರೇಷ್ಮೆ ಗೂಡಿನ ಮಾರ್ಕೆಟ್ ಹತ್ತಿರದ ಟೀ ಅಂಗಡಿಯವನು ನನ್ನ ಮೇಲೆ ಏರಿ ಬಂದ. "ಏನಪ್ಪಾ, ಹಾರ್ನ್ ಕಿತ್ತಾಕಿದೀಯಂತೆ? ಸಾಹೇಬ್ರು ಈ ಕಡೆ ತಿರುಗ್ತಾ ಅವ್ರೆ ಅಂತ ಅದು ಕೂಗಿದ ಮೇಲೇ ಬೆಂಚು ಎತ್ತಿಡ್ತಿದ್ದೆ. ಇವತ್ತು ನೋಡು, ಬೆಂಚು ಎರಡು ತುಂಡು!"

ಗೌರಿಬಿದನೂರಿನ ಉಪಕಾರ

ಆ ಕಾಲದ ವಿಲಾಯ್ತಿ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನೇ ಕಾರಿನ ಬಾಡಿಗೆ ಜೋಡಿಸುತ್ತಿದ್ದರು. ನಮ್ಮ ಗಾಡಿಗಳಲ್ಲಿ ಬಾಡಿಗೆ ಮೈನಸ್ಸು. ಹಾಗಾಗಿ ಬಾನೆಟ್ ಎತ್ತಿದವರೆಲ್ಲ "ಅಯ್ಯೋ, ಯಾವನೋ ಉಲ್ಟಾ ಹಾಕಿದಾನೆ" ಅಂತ ಮರುಗಿ, ತಿರುಗಿಸಿ ಹಾಕಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಆಮೇಲೆ ಚಾರ್ಜು ತೋರಿಸೋ ಮೀಟರಿನ ಮುಳ್ಳು ಹಿಂದಕ್ಕೆ ಓಡೋದು, ಸಾಹೇಬರು ನನ್ನ ಅಂಗಡಿಗೆ ಓಡಿಬರೋದು.

ಬೇಸತ್ತು ಬ್ಯಾಟರಿ ಮೇಲೆ ಬಿಳಿ ಪೈಂಟಲ್ಲಿ ಬರೆದೆ: "ಇದು ಹೀಗೇ ಇರಬೇಕು. ಮುಟ್ಟಬೇಡಿ." ಸಾಹೇಬರು ಮದುವೆಗೆ ಕರೆಯೋಕೆ ಗೌರಿಬಿದನೂರಿಗೆ ಹೋಗಿಬಂದರು. ಬಾನೆಟ್ ಎತ್ತಿ ನೋಡಿದರೆ ನನ್ನ ಬರಹದ ಕೆಳಗೆ ಇನ್ನೊಬ್ಬರ ದುಂಡಗಿನ ಅಕ್ಷರ: "ಉಲ್ಟಾ ಇತ್ತು. ಸರಿ ಮಾಡಿದ್ದೇನೆ. ಇನ್ನು ಮುಟ್ಟಬೇಡಿ."

ಮೇಲೂರಿನಲ್ಲಿ ಬ್ರೇಕು

ನಿಜವಾದ ಪೀಡೆ ಬೇರೆ ಇತ್ತು. ಬ್ರೇಕ್ ಸ್ವಲ್ಪ ಹೊತ್ತು ಒತ್ತಿಹಿಡಿದರೆ ಕಾರು ನಿಲ್ಲುತ್ತಿತ್ತು, ಜೊತೆಗೆ ಇಂಜಿನ್ನೂ ಆಫ್. ಹಿಂದೆ ಇರೋ ಕರೆಂಟಿನ ಪೆಟ್ರೋಲ್ ಪಂಪಿಗೂ ಬ್ರೇಕ್ ಲೈಟಿಗೂ ಬಾಡಿಗೆ ಸೇರೋ ವೈರು ಒಂದೇ. ಅದೇನೋ ಕೈಕೊಡುತ್ತಿದೆ ಅಂತ ಅನುಮಾನವಿತ್ತು. ಆದರೆ ಅಂಗಡಿಯಲ್ಲಿ ನಿಲ್ಲಿಸಿ ಟೆಸ್ಟ್ ಬಲ್ಬ್ ಹಿಡಿದರೆ ಜಗಜಗ ಉರಿಯುತ್ತಿತ್ತು, ಥತ್!

ನೋಡೇಬಿಡೋಣ ಅಂತ ಸಾಹೇಬರ ಪಕ್ಕ ಕೂತು ಮೇಲೂರಿನ ಕಡೆ ಹೋದೆ. ಅವರು ಬ್ರೇಕ್ ಒತ್ತೋದನ್ನೇ ಬಿಟ್ಟುಬಿಟ್ಟಿದ್ದರು. ಎದುರಿಗೆ ಕುರಿಮಂದೆ ಬಂದರೂ ಕಾಲು ಅಲುಗಿಸದೆ, "ಹಟೋ! ಹಟೋ ಬಾ!" ಅಂತ ಕುರಿಗಳಿಗೆ ಕೂಗಿದರು. ಶಿಡ್ಲಘಟ್ಟದ ಕುರಿಗೆ ಉರ್ದು ಬರುತ್ತಿತ್ತೇನೋ, ಮೇಲೂರಿನ ಕುರಿಗೆ ಬರಲಿಲ್ಲ. ಬ್ರೇಕ್ ಒತ್ತಿದರು. ಕಾರು ತಣ್ಣಗಾಯಿತು.

ಹಿಪ್ಪುನೇರಳೆ ಸೊಪ್ಪಿನ ಗಾಡಿ ಹೊಡೆದುಕೊಂಡು ಬಂದ ರೈತನೊಬ್ಬ ಇಳಿದು, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಎದ್ದುಲು ಕಟ್ಟೇದಾ ಸಾಮೀ? ಎತ್ತು ಕಟ್ಲಾ? ಬ್ರೇಕ್ ಹಾಕಿದ್ರೂ ಇವು ಆಫ್ ಆಗಲ್ಲ."

ಹೂವಿನ ಹಾರ

ಮದುವೆ ದಿನ ಬಂತು. ರಿಪೇರಿ ಆಗಿರಲಿಲ್ಲ. ತಳ್ಳೋಕೆ ಫ್ಯಾಕ್ಟರಿಯ ಹುಡುಗರನ್ನು ಹಿಂದಿನ ವ್ಯಾನಿನಲ್ಲಿ ಹತ್ತಿಸಿದ್ದರು, ನನ್ನನ್ನೂ ಅದರಲ್ಲೇ. ಆಶ್ಚರ್ಯ ಅಂದರೆ ಕಾರು ಒಂದು ಸಲವೂ ನಿಲ್ಲಲಿಲ್ಲ. ಚಿಂತಾಮಣಿಯ ಗಲಾಟೆಯಲ್ಲಿ ಬ್ರೇಕ್ ಮೇಲೆ ಬ್ರೇಕ್ ಬಿತ್ತು, ಇಂಜಿನ್ ಗುಂಯ್ ಅಂತಲೇ ಇತ್ತು. ದೊಡ್ಡಪ್ಪನವರ ಮುಖ ಸಣ್ಣಗಾಯಿತು. ಸಾಹೇಬರು ನನ್ನನ್ನು ತಬ್ಬಿಕೊಂಡರು, ನಾನೂ ತಬ್ಬಿಸಿಕೊಂಡೆ.

ವಾಪಸ್ ಬಂದ ಮೇಲೆ ಬ್ರೇಕ್ ಲೈಟು ಇನ್ನೂ ಉರಿಯುತ್ತಿರುವಾಗಲೇ ಮದುಮಗ ಹೂವಿನ ಹಾರ ಕಿತ್ತ, ಪಂಪು ನಿಂತಿತು. ಬಗ್ಗಿ ನೋಡಿದೆ. ಕಾರಿಗೆ ಬಣ್ಣ ಹೊಡೆದವನು ಫ್ಯಾಕ್ಟರಿಯ ಮೆಷಿನ್ನುಗಳಿಗೆ ಹೊಡೆಯೋನು. ಅಲ್ಲಿ ಹಬೆಗೆ ತುಕ್ಕು ಹಿಡಿಯುತ್ತೆ ಅಂತ ಒಂದು ಬೋಲ್ಟನ್ನೂ ಬಿಡದೆ ಬಳಿಯೋ ಅಭ್ಯಾಸ. ಇಲ್ಲೂ ಬಳಿದಿದ್ದ. ಆ ವೈರಿನ ಸ್ಕ್ರೂ ಬಣ್ಣದ ಮೇಲೆ ಕೂತಿತ್ತು. ಬಣ್ಣದ ಸಂದಿಯಲ್ಲಿ ನುಸುಳಿದಷ್ಟು ಕರೆಂಟು ಟೆಸ್ಟ್ ಬಲ್ಬಿಗೋ ಪಂಪಿಗೋ ಒಂದಕ್ಕೆ ಸಾಲುತ್ತಿತ್ತು, ಬ್ರೇಕ್ ಲೈಟೂ ಸೇರಿದರೆ ಪಂಪಿಗೆ ಸಾಲುತ್ತಿರಲಿಲ್ಲ. ಹೂವಿನವನು ಹಾರವನ್ನು ಕಬ್ಬಿಣದ ತಂತಿಯಲ್ಲಿ ಆ ಸ್ಕ್ರೂವಿನಿಂದ ಕೆಳಗೆ ಬಣ್ಣ ಉದುರಿದ್ದ ಕಬ್ಬಿಣಕ್ಕೆ ಬಿಗಿದಿದ್ದ. ಕರೆಂಟಿಗೆ ದಾರಿ ಆಗಿತ್ತು.

"ಬೇರೆ ವೈರ್ ಹಾಕ್ತೀನಿ ಸಾಹೇಬ್ರೆ, ಒಂದು ಗಳಿಗೆ ಕೆಲಸ" ಅಂದೆ.

"ನೀನು ಇಷ್ಟು ತಿಂಗಳಲ್ಲಿ ಮಾಡದೇ ಇದ್ದಿದ್ದು ಹೂವಿನವನು ಮಾಡಿದಾನೆ. ಹಾರ ಕಟ್ಟು. ಕೈ ಹಚ್ಚಬೇಡ."

ಚೆಂಡುಹೂವು ಒಣಗಿತು, ಉದುರಿತು. ಸಾಹೇಬರು ಹೊಸ ಹೂವು ಕಟ್ಟಿಸಿದರು. ದಿನಾ ಸಿಂಗಾರದ ಕಾರಲ್ಲಿ ಫ್ಯಾಕ್ಟರಿಗೆ ಹೋಗಿಬರೋದು. ಸುದ್ದಿ ಚಿಂತಾಮಣಿಗೆ ಮುಟ್ಟಿತು. ತವರಿಗೆ ಹೋಗಿದ್ದ ಸೊಸೆಯನ್ನು ಅವರು ಕಳಿಸಲೇ ಇಲ್ಲ. ಮಗ ಊಟ ಬಿಟ್ಟ. ಕೊನೆಗೆ ದೊಡ್ಡಪ್ಪನವರೇ ಹಳೇ ಜೀಪಲ್ಲಿ ಬಂದಿಳಿದರು.

"ನಿಮ್ಮನೇಲಿ ದಿನಾ ಶಾದಿ ನಡೀತಿದೆಯಂತೆ. ಹತ್ತಿರದ ಬೀಗರು ನಾವು, ಒಂದಕ್ಕಾದ್ರೂ ಕರೆಯೋದು ಬೇಡ್ವಾ? ನಮ್ಮ ಹುಡುಗಿ ನಮ್ಮಲ್ಲೇ ಇರ್ಲಿ ಬಿಡಿ!"

ಸಾಹೇಬರು ಬೆವರಿಹೋದರು. ನನ್ನನ್ನು ಕರೆಸಿದರು. ನಾನು ಸಾಹೇಬರಿಗೆ ಬ್ರೇಕ್ ಒತ್ತಿಹಿಡಿಯೋಕೆ ಹೇಳಿ, ಹಿರಿಯರನ್ನು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂರಿಸಿಕೊಂಡು ತೋರಿಸಿದೆ. ಹಾರ ಬಿಚ್ಚಿದೆ, ಪಂಪು ಸದ್ದಿಲ್ಲ. ಕಟ್ಟಿದೆ, ಟಿಕ್ ಟಿಕ್ ಟಿಕ್. ಅವರು ಗಡ್ಡ ಸವರುತ್ತಾ ಎಲ್ಲ ಕೇಳಿದರು. "ಸರಿ, ಶಾದಿ ಇಲ್ಲ ಅಂತಾಯ್ತು. ಹುಡುಗಿ ನಾಳೆ ಬರ್ತಾಳೆ" ಅಂದರು. ಮಗ ಒಳಗೆ ಓಡಿಹೋಗಿ ಊಟಕ್ಕೆ ಕೂತ. ನನಗೂ ಜೀವ ಬಂತು.

ಹಿರಿಯರು ಹೋಗಿ ಜೀಪ್ ಹತ್ತಿದರು. ಕೀ ತಿರುಗಿಸಿದರು. ಜೀಪು ಉಸಿರೆತ್ತಲಿಲ್ಲ. ಇನ್ನೊಂದು ಸಲ ತಿರುಗಿಸಿ, ಸಾಹೇಬರ ಕಡೆ ನೋಡದೆ ನನ್ನನ್ನು ಹತ್ತಿರ ಕರೆದು, ಕಿವಿಯಲ್ಲಿ ಮೆಲ್ಲಗೆ ಕೇಳಿದರು:

"ಅಪ್ಪಾ, ಆ ಹೂವು ಒಂದು ಮೊಳ ಮಿಕ್ಕಿದ್ರೆ ನನ್ನ ಗಾಡಿಗೂ ಕಟ್ಟಿಬಿಡು."