ಹಸಿರು ಸೀರೆಯೂ ನನ್ನ ಹನ್ನೆರಡು ಸಾಲೂ

ಎದುರಿಗೆ ಬಂದವರನ್ನು ‘ಯಾರ ಪೈಕಿ?’ ಎಂದು ಕೇಳುವ ಚಟ ನನಗಿಲ್ಲ. ಆದರೆ ನಾನು ಬರೆದ ಪ್ರೋಗ್ರಾಮಿಗೆ ಅದು ವಿಪರೀತ ಇತ್ತು. ಜಮಖಂಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಾನು, ಬನಹಟ್ಟಿಯ ನನ್ನ ಅಕ್ಕನ ಸೀರೆ ಅಂಗಡಿಗೆ ಬರೆದುಕೊಟ್ಟದ್ದು ಅದು. ಮೊಬೈಲಿನಲ್ಲಿ ಬಂದ ಆರ್ಡರ್ ಓದಿ ಯಾವ ಸೀರೆ ಕಟ್ಟಬೇಕೆಂದು ಹೇಳುವುದಷ್ಟೇ ಅದರ ಕೆಲಸ. ಕೆಲವರು ಬರೀ ಸೀರೆಯ ನಂಬರ್ ಕಳಿಸುತ್ತಾರೆ, ಕೆಲವರು ನಂಬರುಗಳ ಪಟ್ಟಿ, ಇನ್ನು ಕೆಲವರು ನಮೂನೆ, ಬಣ್ಣ ಎಲ್ಲ ತುಂಬಿದ ಫಾರ್ಮು. ನನ್ನ ಪ್ರೋಗ್ರಾಮು ಪ್ರತಿಯೊಂದನ್ನೂ ಬಾಗಿಲಲ್ಲೇ ತಡೆದು, ನೀನು ಅಂಕಿಯೋ, ಅಲ್ಲವಾದರೆ ಪಟ್ಟಿಯೋ, ಅದೂ ಅಲ್ಲವಾದರೆ ಫಾರ್ಮೋ ಎಂದು ಜಾತಕ ಕೇಳುತ್ತಿತ್ತು. ‘ಹೀಗಿದ್ದರೆ’ ಎನ್ನುವ ಇಫ್ ಮೇಲೆ ಇಫ್ ಏರಿ, ಆರು ತಿಂಗಳಾದ ಮೇಲೆ ಬರೆದ ನನಗೇ ಅದು ತಿಳಿಯದಾಯಿತು.

ನಾನು ಪ್ರೋಗ್ರಾಮು ಬರೆಯುವ ಪೈಥಾನ್ ಭಾಷೆಯಲ್ಲಿ ಮ್ಯಾಚ್, ಕೇಸ್ ಎಂಬ ಸೌಕರ್ಯ ಬಂದಿದೆ ಎಂದು ಓದಿದಾಗ ನನಗೆ ತಡೆಯಲಾರದ ಕುತೂಹಲ. ಅದು ಯಾರೆಂದು ಕೇಳುವುದಿಲ್ಲ, ಬಂದದ್ದರ ಆಕಾರ ನೋಡುತ್ತದೆ. ‘ನಮೂನೆ ಎಂಬ ಖಾನೆ ಇದ್ದರೆ’ ಎಂದು ಒಂದು ಕೇಸ್, ಅಂದರೆ ಒಂದು ಸಾಲು, ಬರೆದರೆ ಸಾಕು, ಗುರುತು ಹಿಡಿದು, ಖಾನೆಯೊಳಗಿನದನ್ನೂ ತೆಗೆದು ಕೈಗಿಡುತ್ತದೆ. ಒಂದು ಭಾನುವಾರ ಕೂತು ನಲವತ್ತು ಸಾಲುಗಳನ್ನು ಹನ್ನೆರಡಕ್ಕೆ ಇಳಿಸಿ ಹೆಂಡತಿಯನ್ನು ಕರೆದು ತೋರಿಸಿದೆ. ಇದಕ್ಕಾಗಿ ಮಧ್ಯಾಹ್ನದ ಊಟ ತಣ್ಣಗಾಗಲು ಬಿಟ್ಟಿರಾ ಎಂದು ಕೇಳಿ ಅವಳು ಒಳಗೆ ಹೋದಳು.

ಬುಧವಾರ ಅಕ್ಕನ ಫೋನು ಬಂತು. “ತಮ್ಮಾ, ತೇರದಾಳದವ್ರು ಮಗಳ ಕುಬಸಕ್ಕ ಹಸರ ಸೀರಿ ಹೇಳಿದ್ರು. ನಿನ್ನ ಕಂಪ್ಯೂಟರ್ ಬೂದಿ ಬಣ್ಣದ್ದು ಕಟ್ಟಿಸೇತಿ. ನಾಳಿ ಮುಂಜಾನಿ ಕಾರ್ಯ ಐತಿ, ಬಸರಿ ಹುಡಗಿ ಅಳಾಕತ್ತಾಳಂತ.”

ಕುಬಸವೆಂದರೆ ನಮ್ಮ ಕಡೆಯ ಸೀಮಂತ; ಚೊಚ್ಚಲ ಬಸುರಿಗೆ ತವರಿನವರು ಉಡಿಸುವ ಸೀರೆ ಅದು, ಹಸಿರೇ ಆಗಬೇಕು. ಕೋಡ್ ತೆರೆದು ನೋಡಿದೆ. ‘ನಮೂನೆ ಇದ್ದರೆ’ ಎಂಬ ಕೇಸನ್ನು ಮೇಲೆ, ‘ನಮೂನೆಯೂ ಬಣ್ಣವೂ ಇದ್ದರೆ’ ಎಂಬುದನ್ನು ಕೆಳಗೆ ಬರೆದಿದ್ದೆ. ಮೇಲಿನಿಂದ ನೋಡುತ್ತ ಬಂದ ಪ್ರೋಗ್ರಾಮು ನಮೂನೆ ಸಿಕ್ಕ ಕೂಡಲೇ ತೃಪ್ತಿಪಟ್ಟು, ಜೊತೆಗಿದ್ದ ಬಣ್ಣವನ್ನು ಕೇಳದೆ, ಕಪಾಟಿನಲ್ಲಿ ಮೇಲಿದ್ದ ಸೀರೆ ತೋರಿಸಿತ್ತು. ಮಾಸ್ತರ ಬರೆದದ್ದೆಂಬ ನಂಬಿಕೆಯಿಂದ ಅಂಗಡಿಯವರು ಅದನ್ನೇ ಕಟ್ಟಿದ್ದರು. ಎರಡು ಕೇಸುಗಳನ್ನು ಅದಲುಬದಲು ಮಾಡಿದೆ, ಅಷ್ಟೇ. ಆಮೇಲೆ ಅಂದೇ ಬನಹಟ್ಟಿಗೆ ಹೋಗಿ, ಅಕ್ಕ ನನ್ನ ಮೊಬೈಲಿಗೆ ಕಳಿಸಿದ ಆರ್ಡರ್ ನೋಡಿ, ನಾನೇ ಹಸಿರು ಸೀರೆ ಆರಿಸಿ ಕಟ್ಟಿಕೊಂಡು ತೇರದಾಳದ ಬಸ್ ಹತ್ತಿದೆ.

ಹುಡುಗಿಯ ತಾಯಿ ಸೀರೆ ಬಿಚ್ಚಿ ಸೆರಗಿನ ಮೇಲೆ ಕೈಯಾಡಿಸಿದರು. ಹುಡುಗಿಯೂ ಕಣ್ಣೊರೆಸಿಕೊಂಡು ನಕ್ಕಳು. ಜೀವ ಬಂದಂತಾಗಿ ನಾನು ಚಹಾ ಕುಡಿಯುತ್ತ, ಹೆಚ್ಚು ವಿವರ ಇರುವ ಕೇಸನ್ನೇ ಮೊದಲು ಬರೆಯಬೇಕೆಂಬುದನ್ನು ಅವರಿಗೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಖಾಲಿ ಚೀಲವನ್ನು ಇನ್ನೊಮ್ಮೆ ಜಾಡಿಸಿದರು.

“ಅದೆಲ್ಲಾ ಖರೆ ರೀ ಮಾಸ್ತರ. ಖಣಾ ಎಲ್ಲೈತಿ? ಖಣಾ ಇಲ್ದ ಕುಬಸ ಹ್ಯಾಂಗ ಮಾಡೂದ್ರಿ?”

ಮೊಬೈಲ್ ತೆರೆದೆ. ಬಣ್ಣದ ಸಾಲಿನ ಕೆಳಗೇ ಕುಪ್ಪಸದ ಬಟ್ಟೆಯೂ ಇತ್ತು, ‘ಕೆಂಪು ಖಣ ಒಂದು’ ಎಂದು ಸ್ಪಷ್ಟವಾಗಿ. ‘ಹಸಿರು’ ಎಂದು ಕಂಡ ಕೂಡಲೇ ನಾನು ಓದುವುದನ್ನು ನಿಲ್ಲಿಸಿದ್ದೆ. ಖಣದ ಅಂಗಡಿ ಯಾವ ಕಡೆ ಎಂದು ಅವರನ್ನೇ ಕೇಳಿಕೊಂಡು ಬಿಸಿಲಿಗಿಳಿದೆ. ಯಾರನ್ನಾದರೂ ಬೈಯೋಣವೆಂದರೆ, ಈ ಸಲ ಸೀರೆ ಆರಿಸಿ ಕಟ್ಟಿದ್ದು ಪ್ರೋಗ್ರಾಮು ಆಗಿರಲಿಲ್ಲ.